ಪಾಸಿಟಿವ್ ಅರ್ತ್ ಅಂಬಾಸಿಡರ್‌ಗೆ ಹಳೆ ಫಿಲಿಪ್ಸ್ ರೇಡಿಯೋ: ಕರೆಂಟ್ ಕೊಡೋಕೆ ಮುಂಚೆ ಏನೇನು ನೋಡ್ಬೇಕು?

ಅಂಬಿ_ಮಲ್ಲೇಶ್ವರ

ಗಾಡಿ 1964ರ ಅಂಬಾಸಿಡರ್. ಬ್ಯಾಟರಿ ಚಾರ್ಜ್ ಮಾಡೋ ಡೈನಮೋ, ಅದರ ವೋಲ್ಟೇಜ್ ಹಿಡಿತದಲ್ಲಿಡೋ ಲೂಕಾಸ್ ರೆಗ್ಯುಲೇಟರ್ ಎರಡೂ ಹಾಗೇ ಇವೆ. ಬ್ಯಾಟರಿಯ ಪ್ಲಸ್ ಬಾಡಿಗೆ ಕಟ್ಟಿದೆ, ಅಂದ್ರೆ ಪಾಸಿಟಿವ್ ಅರ್ತ್. ಡ್ಯಾಶ್‌ಬೋರ್ಡಿಗೆ ಹಾಕೋಕೆ ಫಿಲಿಪ್ಸ್ ಮೀಡಿಯಂ ವೇವ್ ಕಾರ್ ರೇಡಿಯೋ ಒಂದು ಸಿಕ್ಕಿದೆ. ಬದಿಯಲ್ಲಿ ಪ್ಲಸ್/ಮೈನಸ್ ಅದಲು ಬದಲು ಮಾಡೋ ಪ್ಲಗ್ ಇದೆ. ಒಳಗೆ ಎಎಫ್117 ಟ್ರಾನ್ಸಿಸ್ಟರ್‌ಗಳು, ಔಟ್‌ಪುಟ್‌ಗೆ ಒಂದೇ ಎಡಿ149. ಎಷ್ಟೋ ವರ್ಷದಿಂದ ಕರೆಂಟ್ ಕಂಡಿಲ್ಲ. ಸ್ಪೀಕರ್, ಏರಿಯಲ್ ಎರಡೂ ಇಲ್ಲ.

ಕೇಳ್ಬೇಕಾಗಿರೋದು: ಟೇಬಲ್ ಮೇಲೆ ಹೇಗೆ ಟೆಸ್ಟ್ ಮಾಡ್ಬೇಕು? ಗಾಡಿಯಲ್ಲಿ ಸಪ್ಲೈ ಎಲ್ಲಿಂದ ತಗೋಬೇಕು? ಹೊರಗೆ ಏನೂ ಕಾಣದ ಹಾಗೆ ಬ್ಲೂಟೂತ್ ಸೇರಿಸಬಹುದಾ?

ಬೆಸುಗೆ_ಬಸವನಗುಡಿ

ಮೊದಲು ಪ್ಲಗ್ ನೋಡಿ. ಅದರ ಮೇಲಿನ ಗುರುತನ್ನು ನಂಬಬೇಡಿ, ಮೀಟರಿನಲ್ಲೇ ಖಾತ್ರಿ ಮಾಡ್ಕೊಳ್ಳಿ. ಸೆಟ್ಟಿಗೆ ಏನೂ ಜೋಡಿಸದೆ, ಸ್ವಿಚ್ ಆನ್ ಮಾಡಿ, ಒಳಗಿನ ದೊಡ್ಡ ಫಿಲ್ಟರ್ ಕೆಪಾಸಿಟರ್‌ನ ಎರಡೂ ತುದಿಯಿಂದ ಲೋಹದ ಡಬ್ಬಕ್ಕೆ ಓಮ್ಸ್ ಅಳೆಯಿರಿ. ಪಾಸಿಟಿವ್ ಅರ್ತ್‌ಗೆ ಹೊಂದಿಸಿದ್ದರೆ ಕೆಪಾಸಿಟರ್‌ನ ಪ್ಲಸ್ ತುದಿ ಡಬ್ಬಕ್ಕೆ ನೇರ ಸಿಗಬೇಕು, ಮೈನಸ್ ತುದಿ ಸಿಗಬಾರದು. ಇದು ಉಲ್ಟಾ ಇದ್ದು ಕರೆಂಟ್ ಕೊಟ್ಟರೆ ಎಡಿ149 ಮತ್ತು ಎಲೆಕ್ಟ್ರೋಲಿಟಿಕ್‌ಗಳು (ಪ್ಲಸ್-ಮೈನಸ್ ನೋಡಿ ಹಾಕೋ ಕೆಪಾಸಿಟರ್‌ಗಳು) ಒಟ್ಟಿಗೇ ಹೋಗುತ್ತವೆ.

ಎರಡನೇದು, ಸ್ಪೀಕರ್ ಇಲ್ಲದೆ ಈ ಸೆಟ್ ಆನ್ ಮಾಡಲೇಬೇಡಿ. ಒಂದೇ ಟ್ರಾನ್ಸಿಸ್ಟರ್‌ನ ಕ್ಲಾಸ್ ಎ (ಹಾಡು ಇಲ್ಲದಾಗಲೂ ಅಷ್ಟೇ ಕರೆಂಟ್ ಎಳೆಯೋ) ಔಟ್‌ಪುಟ್ ಇದು, ಹಿಂದೆ ಟ್ರಾನ್ಸ್‌ಫಾರ್ಮರ್ ಅಥವಾ ಚೋಕ್ ಇರುತ್ತೆ. ಲೋಡ್ ಇಲ್ಲದಿದ್ದರೆ ಆ ಸುರುಳಿಯಿಂದ ಬರೋ ವೋಲ್ಟೇಜ್ ಹೊಡೆತವೇ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಸುಡುತ್ತೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಸಿಗೋ 4 ಓಮ್, 5 ವ್ಯಾಟ್ ಸ್ಪೀಕರ್ ಸಾಕು. ಮೀಟರಿಗೆ 3.2ರಿಂದ 3.6 ಓಮ್ ತೋರಿಸಿದರೆ ಸರಿ. ಎರಡು ಸ್ಪೀಕರ್ ಪ್ಯಾರಲಲ್ ಹಾಕಬೇಡಿ.

ಎಲೆಕ್ಟ್ರೋಲಿಟಿಕ್ ಅಷ್ಟನ್ನೂ ಬದಲಿಸಿ. ಅದೇ ಮೌಲ್ಯ, ವೋಲ್ಟೇಜ್ ಮಾತ್ರ 25ಕ್ಕೆ ಏರಿಸಿ. ಪಿಎನ್‌ಪಿ ಟ್ರಾನ್ಸಿಸ್ಟರ್‌ಗಳ (ಪ್ಲಸ್ ಕಡೆಯೇ ಕಾಮನ್ ಆಗೋ ಹಳೆ ಥರದ) ಸರ್ಕ್ಯೂಟ್ ಆದ್ದರಿಂದ ಪ್ಲಸ್ ತುದಿಗಳು ಹೆಚ್ಚಿನ ಕಡೆ ಕಾಮನ್ ಲೈನಿಗೆ ಹೋಗಿರುತ್ತವೆ. ಇವತ್ತಿನ ಸರ್ಕ್ಯೂಟ್ ನೋಡಿ ರೂಢಿಯಾದ ಕೈ ಇಲ್ಲೇ ಎಡವೋದು, ಹಾಗಾಗಿ ಒಂದೊಂದನ್ನೇ ಬಿಚ್ಚಿ, ಒಂದೊಂದನ್ನೇ ಹಾಕಿ.

ಎಎಫ್117 ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಈ ಸರಣಿಯ (ಎಎಫ್114ರಿಂದ 117) ಡಬ್ಬಿಯೊಳಗೆ ತವರದ ಕೂದಲೆಳೆ ಬೆಳೆಯುತ್ತೆ. ಅದು ಡಬ್ಬಿಯಿಂದ ಒಳಗಿನ ಕಾಲುಗಳಿಗೆ ತಾಗಿದ ತಕ್ಷಣ ಸೆಟ್ ಮೂಕ. ನಾಲ್ಕು ಕಾಲುಗಳಲ್ಲಿ (ಕಲೆಕ್ಟರ್, ಬೇಸ್, ಎಮಿಟರ್, ಡಬ್ಬಿಗೆ ಸೇರಿದ ಸ್ಕ್ರೀನ್) ಕಲೆಕ್ಟರ್ ಮಾತ್ರ ಸ್ವಲ್ಪ ದೂರ ನಿಂತಿರುತ್ತೆ, ಅದರ ಪಕ್ಕದ್ದೇ ಸ್ಕ್ರೀನ್. ಆ ಸ್ಕ್ರೀನ್ ಕಾಲನ್ನು ಕತ್ತರಿಸಿ, ಆಮೇಲೆ ಡಬ್ಬಿಯಿಂದ ಉಳಿದ ಮೂರಕ್ಕೂ ಅಳೆಯಿರಿ. ಒಂದಕ್ಕೆ ಮಾತ್ರ ಶಾರ್ಟ್ ಇದ್ದರೆ ಕತ್ತರಿಸಿದ್ದಷ್ಟರಲ್ಲೇ ಸೆಟ್ ಮಾತಾಡುತ್ತೆ. ಎರಡಕ್ಕೆ ಇದ್ದರೆ ಟ್ರಾನ್ಸಿಸ್ಟರ್ ಬದಲಿಸಬೇಕು. ಈ ಹಳೆ ಜರ್ಮೇನಿಯಂ ಟ್ರಾನ್ಸಿಸ್ಟರ್ ಜಾಗಕ್ಕೆ ಇವತ್ತಿನ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಗೇ ಹಾಕಿದರೆ ಕೆಲಸ ಮಾಡಲ್ಲ, ಬೇಸ್-ಎಮಿಟರ್ 0.2 ವೋಲ್ಟ್ ಇದ್ದದ್ದು 0.6 ಆಗುತ್ತೆ, ಆ ವೋಲ್ಟೇಜ್ ಕೊಡೋ ಬಯಾಸ್ ರೆಸಿಸ್ಟರ್‌ಗಳನ್ನೂ ಬದಲಿಸಬೇಕು.

ಈಗ ಕರೆಂಟ್. ಬೆಂಚ್ ಸಪ್ಲೈ ಇದ್ದರೆ ಲಿಮಿಟ್ 1 ಆಂಪಿಯರ್‌ಗೆ ಇಟ್ಟು ವೋಲ್ಟೇಜ್ ನಿಧಾನಕ್ಕೆ ಏರಿಸಿ. ಇಲ್ಲದಿದ್ದರೆ 12 ವೋಲ್ಟ್ ಬ್ಯಾಟರಿ ಜೊತೆ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಬಲ್ಬ್ ಪೂರ್ತಿ ಬೆಳಗಿದರೆ ಒಳಗೆ ಶಾರ್ಟ್. ಮಂಕಾಗಿ ಉರಿದು ಸ್ಪೀಕರ್‌ನಲ್ಲಿ ಸಣ್ಣ ಸದ್ದು ಬಂದರೆ ಬಲ್ಬ್ ತೆಗೆದು ನೇರ ಕೊಡಿ, ಎಡಿ149ರ ಎಮಿಟರ್ ರೆಸಿಸ್ಟರ್ ಮೇಲೆ ವೋಲ್ಟೇಜ್ ಅಳೆಯಿರಿ. 0.5 ಓಮ್ ಮೇಲೆ 0.3 ವೋಲ್ಟ್ ಅಂದರೆ 0.6 ಆಂಪಿಯರ್. ಹಾಡು ಇರಲಿ ಬಿಡಲಿ ಈ ಸೆಟ್ಟು ಹೆಚ್ಚುಕಡಿಮೆ ಇಷ್ಟೇ ಎಳೆಯುತ್ತೆ, ಹೀಟ್‌ಸಿಂಕ್ ಬಿಸಿಯಾಗೋದು ಸಹಜ. ಆದರೆ ಅರ್ಧ ಗಂಟೆಯಲ್ಲಿ ಆ ಅಂಕಿ ಒಂದೆಡೆ ನಿಲ್ಲಬೇಕು. ಏರುತ್ತಲೇ ಹೋದರೆ ಆಫ್ ಮಾಡಿ: ಟ್ರಾನ್ಸಿಸ್ಟರ್-ಹೀಟ್‌ಸಿಂಕ್ ನಡುವಿನ ಮೈಕಾ ಹಾಳೆಯ ಪೇಸ್ಟ್ ಒಣಗಿದೆ, ಅಥವಾ ಬಿಸಿ ಏರಿದಾಗ ಕರೆಂಟ್ ತಗ್ಗಿಸೋ ಥರ್ಮಿಸ್ಟರ್ ಕೆಟ್ಟಿದೆ, ಅಥವಾ ಟ್ರಾನ್ಸಿಸ್ಟರೇ ಲೀಕ್. ಏಪ್ರಿಲ್ ಮಧ್ಯಾಹ್ನ ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಡ್ಯಾಶ್ ಎಷ್ಟು ಕಾಯುತ್ತೆ ಅಂತ ಗೊತ್ತಲ್ಲ, ಟೇಬಲ್ ಮೇಲೆ ತಡೆಯದ್ದು ಅಲ್ಲಿ ತಡೆಯಲ್ಲ.

ಡೈನಮೋ_ಜಯನಗರ

ಗಾಡಿ ಕಡೆ ನಾನು ಹೇಳ್ತೀನಿ. ರೇಡಿಯೋ ಜೋಡಿಸೋ ಮುಂಚೆ ರೆಗ್ಯುಲೇಟರ್ ಚೆಕ್ ಮಾಡಿ. ಇಂಜಿನ್ ಚೆನ್ನಾಗಿ ಏರಿಸಿ ಬ್ಯಾಟರಿ ಮೇಲೆ ಅಳೆದಾಗ 15 ವೋಲ್ಟ್ ದಾಟಬಾರದು. ಕಾಂಟ್ಯಾಕ್ಟ್ ಅಂಟಿಕೊಂಡ ರೆಗ್ಯುಲೇಟರ್ 16ರ ಮೇಲೆ ಕೊಡುತ್ತೆ. ಹೆಡ್‌ಲೈಟ್ ಅದನ್ನ ಹೇಗೋ ತಡ್ಕೊಳ್ಳುತ್ತೆ, ಜರ್ಮೇನಿಯಂ ತಡ್ಕೊಳ್ಳಲ್ಲ.

ಸಪ್ಲೈಗೆ ಲೂಕಾಸ್ ಫ್ಯೂಸ್ ಬಾಕ್ಸಿನ ಎ4 ತಗೊಳ್ಳಿ, ಹಸಿರು ವೈರ್. ಇಗ್ನಿಷನ್ ಆನ್ ಇದ್ದಾಗ ಮಾತ್ರ ಬರುತ್ತೆ. ಎ2 ಯಾವಾಗಲೂ ಲೈವ್, ರೇಡಿಯೋ ಆಫ್ ಮಾಡೋದು ಮರೆತರೆ ಬೆಳಿಗ್ಗೆ ಗಾಡಿ ತಳ್ಳಬೇಕಾಗುತ್ತೆ. ಅರವತ್ತು ವರ್ಷದಲ್ಲಿ ಯಾರ್ಯಾರೋ ವೈರ್ ಬದಲಿಸಿರ್ತಾರೆ, ಬಣ್ಣ ನೋಡಿ ಜೋಡಿಸ್ಬೇಡಿ, ಕೀ ತಿರುಗಿಸಿ ಮೀಟರ್ ಹಿಡಿದು ನೋಡಿ.

ಅಲ್ಲಿಂದ 1 ಚದರ ಮಿ.ಮೀ. ಆಟೋ ವೈರ್, ಮಧ್ಯೆ 2 ಆಂಪಿಯರ್ ಗಾಜಿನ ಫ್ಯೂಸ್. ನಿಮ್ಮ ಗಾಡಿಯಲ್ಲಿ ಲೈವ್ ಅಂದ್ರೆ ಮೈನಸ್, ಫ್ಯೂಸ್ ಆ ಮೈನಸ್ ವೈರಿಗೇ ಬರಬೇಕು. ಅಭ್ಯಾಸಬಲದಿಂದ ಪ್ಲಸ್ ವೈರಿಗೆ ಹಾಕಿದರೆ ಏನೂ ಕಾಪಾಡಲ್ಲ, ರೇಡಿಯೋ ಡಬ್ಬ ಬಾಡಿಗೆ ತಾಗಿದ್ದಕ್ಕೆ ಆ ದಾರಿ ಹೇಗೂ ಪೂರ್ತಿಯಾಗಿರುತ್ತೆ. ಬಾಕ್ಸಿನಲ್ಲಿರೋ ಹಳೆ ಲೂಕಾಸ್ 35 ಫ್ಯೂಸ್ ಅಂದ್ರೆ 35ಕ್ಕೆ ಸುಡೋದು, ಸತತ ಹೊರೋದು ಅದರ ಅರ್ಧ. ಗಾಡಿ ಬಿಡಿಭಾಗದ ಅಂಗಡಿಗಳ ಜೆಸಿ ರೋಡಿನಲ್ಲಿ 35 ಅಂತ ಕೊಡೋ ಹೊಸ ಗಾಜಿನ ಫ್ಯೂಸ್ ಸತತ 35 ಹೊರೋ ಥರದ್ದಾಗಿದ್ದರೆ ಬೇಡ, 15 ಹಾಕಿ.

ಅರ್ತಿಂಗ್ ಡ್ಯಾಶ್ ಸ್ಕ್ರೂಗೆ ಬಿಡಬೇಡಿ, ಬಣ್ಣದ ಮೇಲೆ ಕೂತಿರುತ್ತೆ. ಪ್ರತ್ಯೇಕ ವೈರ್ ಹಾಕಿ, ಬಣ್ಣ ಕೆರೆದು ಬಿಗಿ ಮಾಡಿ. ರೇಡಿಯೋ ಆನ್ ಇಟ್ಟು ಬ್ಯಾಟರಿಯ ಪ್ಲಸ್ ಕಂಬದಿಂದ ರೇಡಿಯೋ ಡಬ್ಬಕ್ಕೆ ಮಿಲಿವೋಲ್ಟ್ ನೋಡಿ. 50ರ ಒಳಗಿದ್ದರೆ ಚೆನ್ನ, 200 ಇದ್ದರೆ ಎಲ್ಲೋ ತುಕ್ಕು.

ಹಳೇಗಾಡಿ_ಹೆಬ್ಬಾಳ

ಇಷ್ಟೆಲ್ಲ ಯಾಕೆ, ನೆಗೆಟಿವ್ ಅರ್ತ್‌ಗೆ ಬದಲಿಸಿಬಿಡಿ. ಬ್ಯಾಟರಿ ತಿರುಗಿಸಿ, ಕಾಯಿಲ್‌ನ ಎರಡು ಸಣ್ಣ ವೈರ್ ಅದಲು ಬದಲು ಮಾಡಿ, ಆಮೀಟರ್ ವೈರ್ ತಿರುಗಿಸಿ, ಡೈನಮೋನ ಎಫ್ ಟರ್ಮಿನಲ್ ವೈರ್ ಬಿಚ್ಚಿ ಬ್ಯಾಟರಿ ಲೈವ್‌ನಿಂದ ಅಲ್ಲಿಗೆ ಒಂದೆರಡು ಸೆಕೆಂಡ್ ತಾಗಿಸಿ, ಡೈನಮೋನ ಪ್ಲಸ್-ಮೈನಸ್ ತಿರುಗುತ್ತೆ. ಆಮೇಲೆ ಯಾವ ಸ್ಟೀರಿಯೋ ಬೇಕಾದರೂ ಹಾಕಬಹುದು.

ಡೈನಮೋ_ಜಯನಗರ

ಕ್ರಮ ಸರಿ ಇದೆ. ಆದರೆ ರೇಡಿಯೋಗೇ ಪಾಸಿಟಿವ್ ಅರ್ತ್ ಪ್ಲಗ್ ಇರುವಾಗ ಈ ಗಾಡಿಯನ್ನ ಮುಟ್ಟೋ ಅಗತ್ಯ ನನಗೆ ಕಾಣಲ್ಲ. ಮುಂದೆ ಯಾರೋ ಮೆಕ್ಯಾನಿಕ್ ಹಳೆ ಪುಸ್ತಕ ನೋಡಿ ಬ್ಯಾಟರಿ ಕಟ್ಟಿದರೆ ಎಲ್ಲ ಹೋಯ್ತು. ಬದಲಿಸಲೇಬೇಕು ಅಂದ್ರೆ ಬ್ಯಾಟರಿ ಪಕ್ಕ ಕಣ್ಣಿಗೆ ಹೊಡೆಯೋ ಹಾಗೆ ಬರೆದು ಅಂಟಿಸಿ.

ಅಂಬಿ_ಮಲ್ಲೇಶ್ವರ

ಒಂದು ಎಎಫ್117ರಲ್ಲಿ ಬೇಸ್‌ಗೆ ಶಾರ್ಟ್ ಇತ್ತು, ಸ್ಕ್ರೀನ್ ಕತ್ತರಿಸಿದ ಮೇಲೆ ಸೆಟ್ ಮಾತಾಡ್ತಿದೆ. ಕರೆಂಟ್ 0.55 ಆಂಪಿಯರ್‌ಗೆ ನಿಂತಿದೆ. ಗಾಡಿಗೆ ಹಾಕಿದ್ದಾಯ್ತು. ಈಗ ಇಂಜಿನ್ ಆನ್ ಇದ್ದರೆ ಟಕಟಕ ಸದ್ದು, ರೇಸ್ ಕೊಟ್ಟ ಹಾಗೆ ಅದೂ ಜಾಸ್ತಿ. ಆಕಾಶವಾಣಿ ಬರುತ್ತೆ, ಡಯಲ್ ಆ ತುದಿಗೆ ಹೋದರೆ ಏನೂ ಇಲ್ಲ. ಏರಿಯಲ್‌ಗೆ ಟಿವಿ ಕೇಬಲ್ ಹಾಕಿದ್ದೀನಿ.

ಬೆಸುಗೆ_ಬಸವನಗುಡಿ

ಕೇಬಲ್ಲೇ ಅರ್ಧ ಕಾರಣ. ಮೀಟರ್ ಉದ್ದದ ಕಡ್ಡಿ ಏರಿಯಲ್‌ಗೆ ಮೀಡಿಯಂ ವೇವ್‌ನಲ್ಲಿ ಬರೀ ಹತ್ತಿಪ್ಪತ್ತು ಪಿಕೋಫ್ಯಾರಡ್. ಟಿವಿ ಕೇಬಲ್ ಮೀಟರಿಗೆ ಐವತ್ತರ ಮೇಲೆ ಇರುತ್ತೆ, ಬಂದ ಸಿಗ್ನಲ್ಲನ್ನೆಲ್ಲ ಅದೇ ಕುಡಿದುಬಿಡುತ್ತೆ. ಕಾರ್ ಏರಿಯಲ್ ಕೇಬಲ್ಲೇ ಬೇರೆ, ಟೊಳ್ಳು ನಳಿಗೆಯೊಳಗೆ ಕೂದಲಿನಂಥ ತಂತಿ ಇರುತ್ತೆ. ಅದನ್ನೇ ಹಾಕಿ, ಕತ್ತರಿಸಿ ಜೋಡಿಸಬೇಡಿ. ಏರಿಯಲ್ ಬುಡದಲ್ಲಿ ಬಣ್ಣ ಕೆರೆದು ಜಾಲರಿ ಬಾಡಿಗೆ ತಾಗಿರಲಿ, ನಡುವಿನ ತಂತಿ ಬಾಡಿಗೆ ಸುತರಾಂ ತಾಗಬಾರದು.

ಆಮೇಲೆ ಸೆಟ್ಟಿನ ಏರಿಯಲ್ ಸಾಕೆಟ್ ಹತ್ತಿರದ ಸಣ್ಣ ಟ್ರಿಮ್ಮರ್ (ಏರಿಯಲ್‌ಗೆ ಸೆಟ್ಟನ್ನು ಹೊಂದಿಸೋಕೆ ತಿರುಗಿಸೋ ಕೆಪಾಸಿಟರ್). 612 ಕಿಲೋಹರ್ಟ್ಸ್‌ನ ಬೆಂಗಳೂರು ಕೇಂದ್ರಕ್ಕೆ (ಡಯಲ್‌ನಲ್ಲಿ ಮೀಟರ್ ಲೆಕ್ಕ ಇದ್ದರೆ 490) ಇದನ್ನ ಹೊಂದಿಸಬೇಡಿ. ಅದು ಜೋರು ಸ್ಟೇಷನ್, ಟ್ರಿಮ್ಮರ್ ಎಲ್ಲಿದ್ದರೂ ಒಂದೇ ಥರ ಕೇಳುತ್ತೆ. ರಾತ್ರಿ ಏರಿಯಲ್ ಪೂರ್ತಿ ಎಳೆದು, 1400ರ ಹತ್ತಿರ ಕ್ಷೀಣವಾಗಿ ಬರೋ ಯಾವುದಾದರೂ ಸ್ಟೇಷನ್ ಹಿಡಿದು ತಿರುಗಿಸಿ. ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಬಳಸಿ. ಎಲ್‌ಇಡಿ ದೀಪ, ಟ್ರಾನ್ಸ್‌ಫಾರ್ಮರ್ ಕಂಬದ ಕೆಳಗೆ ಈ ಕೆಲಸ ಬೇಡ.

ಬ್ಲೂಟೂತ್‌ಗೆ: ಮಾಡ್ಯೂಲ್‌ನ ಮೈನಸ್ ಮತ್ತು ಆಡಿಯೋ ಕಾಮನ್ ಒಂದೇ ಆಗಿರುತ್ತೆ, ನಿಮ್ಮ ಗಾಡಿಯ ಬಾಡಿ ಪ್ಲಸ್. ನೇರ ಕೊಟ್ಟರೆ ಶಾರ್ಟ್. ಬಿ1205ಎಸ್ ಥರದ ಐಸೊಲೇಟೆಡ್ (ಇನ್‌ಪುಟ್-ಔಟ್‌ಪುಟ್ ನಡುವೆ ನೇರ ಸಂಪರ್ಕ ಇಲ್ಲದ) 12ರಿಂದ 5 ವೋಲ್ಟ್ ಕನ್ವರ್ಟರ್ ಹಾಕಿ. ಇನ್‌ಪುಟ್ ಮೈನಸ್‌ನಿಂದ ಔಟ್‌ಪುಟ್ ಮೈನಸ್‌ಗೆ ಮೀಟರ್ ಬೀಪ್ ಅಂದರೆ ಅದು ಐಸೊಲೇಟೆಡ್ ಅಲ್ಲ, ವಾಪಸ್ ಕೊಡಿ. ಎಡ ಬಲ ಎರಡಕ್ಕೂ 10 ಕಿಲೋ ಓಮ್ ಹಾಕಿ ಸೇರಿಸಿ, 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಮೂಲಕ ವಾಲ್ಯೂಮ್ ಕಂಟ್ರೋಲ್‌ನ ಮೇಲ್ತುದಿಗೆ ಕೊಡಿ. ಕನ್ವರ್ಟರ್‌ನ ಗಲಾಟೆ ಮೀಡಿಯಂ ವೇವ್‌ಗೆ ಬರುತ್ತೆ, ಹಾಗಾಗಿ ರೇಡಿಯೋ ಕೇಳುವಾಗ ಅದರ ಸಪ್ಲೈ ಕಡಿಯೋಕೆ ಗ್ಲವ್ ಬಾಕ್ಸಿನಲ್ಲಿ ಒಂದು ಸ್ವಿಚ್ ಇರಲಿ.

ಡೈನಮೋ_ಜಯನಗರ

ಟಕಟಕ ಸದ್ದಿಗೆ: ಇಂಜಿನ್ ಓಡ್ತಿರುವಾಗ ಏರಿಯಲ್ ಪ್ಲಗ್ ಕೀಳಿ. ಸದ್ದು ನಿಂತರೆ ಏರಿಯಲ್ ದಾರಿಯಲ್ಲಿ ಬರ್ತಿದೆ: ಸ್ಪಾರ್ಕ್ ಪ್ಲಗ್ ಕ್ಯಾಪ್‌ಗಳನ್ನ 5 ಕಿಲೋ ಓಮ್ ರೆಸಿಸ್ಟರ್ ಇರೋದಕ್ಕೆ ಬದಲಿಸಿ, ಬಾನೆಟ್‌ನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿ ಹಾಕಿ. ಸದ್ದು ಉಳಿದರೆ ಸಪ್ಲೈ ವೈರಿನಿಂದ: ಕಾಯಿಲ್‌ನ ಎಸ್‌ಡಬ್ಲ್ಯೂ (ಇಗ್ನಿಷನ್ ಸ್ವಿಚ್ ಕಡೆಯ) ಟರ್ಮಿನಲ್‌ನಿಂದ ಬಾಡಿಗೆ 1 ಮೈಕ್ರೋಫ್ಯಾರಡ್ ಸಪ್ರೆಸರ್ ಕೆಪಾಸಿಟರ್. ಸಿಬಿ (ಡಿಸ್ಟ್ರಿಬ್ಯೂಟರ್ ಕಡೆಯ) ಟರ್ಮಿನಲ್‌ಗೆ ಬೇಡ, ಸ್ಪಾರ್ಕ್ ಕೆಡುತ್ತೆ. ಟಕಟಕ ಅಲ್ಲದೆ ಕೊಯ್ಯೋ ಥರ ಶಿಳ್ಳೆ ಇದ್ದರೆ ಡೈನಮೋ, ಅದೇ 1 ಮೈಕ್ರೋಫ್ಯಾರಡ್ ದೊಡ್ಡ ಡಿ ಟರ್ಮಿನಲ್‌ಗೆ ಹಾಕಿ. ಸಣ್ಣ ಎಫ್‌ಗೆ ಹಾಕಿದರೆ ರೆಗ್ಯುಲೇಟರ್ ಕಾಂಟ್ಯಾಕ್ಟ್ ಸುಟ್ಟು ಹೋಗುತ್ತೆ. ಒಂದೊಂದೇ ಹಾಕಿ ಕೇಳಿ, ಎಲ್ಲ ಒಟ್ಟಿಗೆ ಹಾಕಿದರೆ ಯಾವುದರಿಂದ ಸರಿ ಹೋಯ್ತು ಅಂತ ಗೊತ್ತಾಗಲ್ಲ.