ರೀಲು ಅಂದರೆ ಸುರುಳಿಯೋ, ಅಳತೆಯೋ?

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಪದ ಎರಡು ವಾರದಿಂದ ಕಾಡುತ್ತಿದೆ. ಸಿನಿಮಾ ಹುಟ್ಟಿ ಬೆಳೆದ ಕತೆಯನ್ನು ಹೈಸ್ಕೂಲು ಮಕ್ಕಳಿಗೆ ತಿಳಿಯುವಂತೆ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: 'ಚಾಪ್ಲಿನ್ 1916-17ರಲ್ಲಿ ಮ್ಯೂಚುಯಲ್ ಕಂಪನಿಗೆ ಎರಡು ಸುರುಳಿಯ 12 ಚಿತ್ರಗಳನ್ನು ಮಾಡಿಕೊಟ್ಟರು.' ಕರಡು ಓದಿದ ಗೆಳತಿ ಕೇಳಿದಳು, 'ಅಲ್ಲ, 12 ಸಿನಿಮಾ ಬರೀ ಎರಡು ಸುರುಳಿಯಲ್ಲಿ ಹಿಡಿಸಿತಾ?'

ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ತಪ್ಪು ಅವಳದ್ದಲ್ಲ. ಒಂದೊಂದು ಚಿತ್ರವೂ ಎರಡು ರೀಲು ಉದ್ದ ಅಂತ ನಾನು ಹೇಳಹೊರಟಿದ್ದೆ. 'ಸುರುಳಿ' ಅಂದಕೂಡಲೇ ಅವಳ ಕಣ್ಣಿಗೆ ಬಂದದ್ದು ಸುತ್ತಿಟ್ಟ ವಸ್ತು. ಉದ್ದ, ಹೊತ್ತು ಯಾವುದೂ ಹೊಳೆಯಲೇ ಇಲ್ಲ. 'ಎರಡು ರೀಲಿನ ಚಿತ್ರ' ಅಂತ ಬರೆದಿದ್ದರೆ ಹೀಗೆ ಕೇಳುತ್ತಿದ್ದಳಾ? ನನಗೆ ಅನುಮಾನ.

ಏಕೆಂದರೆ ಸಿನಿಮಾದವರ ಬಾಯಲ್ಲಿ ರೀಲು ಒಂದು ಅಳತೆ. 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮುಗಳು, ಅಂದರೆ 16 ಬಿಡಿ ಚಿತ್ರಗಳು. (ಫ್ರೇಮನ್ನು 'ಚೌಕಟ್ಟು' ಅನ್ನಲು ನನಗೆ ಮನಸ್ಸಿಲ್ಲ. ಚೌಕಟ್ಟು ಅಂದರೆ ಸುತ್ತಲಿನ ಮರದ ಪಟ್ಟಿ, ಒಳಗಿನ ಚಿತ್ರ ಅಲ್ಲ. ಆ ಜಗಳ ಇನ್ನೊಂದು ದಿನ ಆಡೋಣ.) ಒಂದು ರೀಲು ಅಂದರೆ ಹೆಚ್ಚೆಂದರೆ 1000 ಅಡಿ. ಅಂದರೆ 16,000 ಫ್ರೇಮು. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮಿನ ಲೆಕ್ಕ ಹಿಡಿದರೆ ಒಂದು ರೀಲು 16 ನಿಮಿಷದ ಮೇಲೆ ಓಡುತ್ತದೆ. ತಿರುಗಿಸುವವನ ಕೈ ಚುರುಕಾದರೆ ಹೊತ್ತು ಕಮ್ಮಿ. ಹಾಗಾಗಿ ಆಗ ಅಡಿ ಲೆಕ್ಕವೇ ಖಾತ್ರಿ, ನಿಮಿಷದ ಲೆಕ್ಕ ಅಂದಾಜು.

ಮಾತು ಬಂದಮೇಲೆ ಈ ಸಡಿಲ ನಡೆಯಲಿಲ್ಲ. ವೇಗ ಏರುಪೇರಾದರೆ ಚಿತ್ರವನ್ನು ಕಣ್ಣು ಹೇಗೋ ಒಪ್ಪಿಕೊಳ್ಳುತ್ತದೆ, ಕಿವಿ ಒಪ್ಪುವುದಿಲ್ಲ. ದನಿ ಕೀರಲಾಗುತ್ತದೆ, ಇಲ್ಲವೇ ಎಳೆದಂತಾಗುತ್ತದೆ. 1920ರ ದಶಕದ ಕೊನೆಗೆ ಸೆಕೆಂಡಿಗೆ 24 ಫ್ರೇಮು ಅಂತ ಗಟ್ಟಿಯಾಯಿತು. ಆ ವೇಗದಲ್ಲಿ 1000 ಅಡಿ ಅಂದರೆ 11 ನಿಮಿಷ ಚಿಲ್ಲರೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಆಗ ವೈಟಾಫೋನ್ ಎಂಬ ವ್ಯವಸ್ಥೆಯಲ್ಲಿ ಮಾತು, ಸಂಗೀತ ಫಿಲ್ಮಿನ ಮೇಲೆ ಇರುತ್ತಿರಲಿಲ್ಲ. 16 ಇಂಚಿನ ಗ್ರಾಮಫೋನ್ ತಟ್ಟೆಯ ಮೇಲೆ ಇರುತ್ತಿತ್ತು. ತಟ್ಟೆಯ ಒಂದು ಮೈ ಒಂದು ರೀಲು ಮುಗಿಯುವತನಕ ಬಾಳಬೇಕಲ್ಲ? ಅದಕ್ಕೆ ಅದನ್ನು ನಿಮಿಷಕ್ಕೆ 33⅓ ಸುತ್ತಿನ ನಿಧಾನಗತಿಯಲ್ಲಿ ತಿರುಗಿಸಿದರು. ಮುಂದೆ ಎಲ್‌ಪಿ ರೆಕಾರ್ಡುಗಳೂ ಅದೇ ವೇಗವನ್ನು ಹಿಡಿದವು. ಅಂದರೆ ಎಲ್‌ಪಿ ಕೇಳಿದವರೆಲ್ಲ ಗೊತ್ತಿಲ್ಲದೆ ಸಿನಿಮಾ ರೀಲಿನ ಲೆಕ್ಕಕ್ಕೇ ತಲೆದೂಗಿದ್ದಾರೆ. ಕ್ಯಾಮೆರಾಕ್ಕೂ ಇದೇ ಕಟ್ಟು. 1948ರಲ್ಲಿ ನಿರ್ದೇಶಕ ಹಿಚ್‌ಕಾಕ್ 'ರೋಪ್' ಚಿತ್ರವನ್ನು ಆದಷ್ಟು ಕತ್ತರಿಸದೆ ತೆಗೆಯಲು ಹೊರಟರು. ಆದರೂ ಒಂದು ಶಾಟ್ ಹತ್ತು ನಿಮಿಷದ ಆಸುಪಾಸಿನಲ್ಲಿ ನಿಲ್ಲಲೇಬೇಕಾಗಿತ್ತು. ಕ್ಯಾಮೆರಾದಲ್ಲಿ ಹಿಡಿಸುತ್ತಿದ್ದದ್ದೇ 1000 ಅಡಿ!

ಇಷ್ಟೆಲ್ಲ ಅರ್ಥವನ್ನು 'ಸುರುಳಿ' ಹೊರುತ್ತದಾ? ಇದು ನನ್ನ ಮೊದಲ ಪ್ರಶ್ನೆ.

ಸುರುಳಿ ಕೆಟ್ಟ ಪದ ಅಂತಲ್ಲ. ಕನ್ನಡದಲ್ಲಿ ಅದು ಚೆನ್ನಾಗಿ ಬೇರೂರಿದೆ. 'ನೆನಪಿನ ಸುರುಳಿ ಬಿಚ್ಚಿಕೊಂಡಿತು' ಅಂತ ಬರೆಯದ ಕತೆಗಾರರು ಕಮ್ಮಿ. ಕ್ಯಾಸೆಟ್ಟಿಗೆ ಪತ್ರಿಕೆಗಳು 'ಧ್ವನಿಸುರುಳಿ' ಅಂದವು, ಅದೂ ನಿಂತಿತು. ಎಷ್ಟು ನಿಂತಿತು ಅಂದರೆ, ಕ್ಯಾಸೆಟ್ ಹೋಗಿ ಸಿ.ಡಿ. ಬಂದಮೇಲೂ 'ಧ್ವನಿಸುರುಳಿ ಬಿಡುಗಡೆ' ಅಂತಲೇ ಬರೆಯುತ್ತಿದ್ದರು. ಚಪ್ಪಟೆ ಬಿಲ್ಲೆಯಲ್ಲಿ ಸುರುಳಿ ಎಲ್ಲಿಂದ ಬರಬೇಕು! ಆದರೆ ಈ ಎಲ್ಲ ಬಳಕೆಯಲ್ಲೂ ಸುರುಳಿ ಒಂದು ಆಕಾರವನ್ನು ಅಥವಾ ಒಂದು ವಸ್ತುವನ್ನು ಹೇಳುತ್ತದೆ. 'ಒಂದು ಸುರುಳಿ ಹೊತ್ತು' ಅಂತ ಯಾರೂ ಅನ್ನುವುದಿಲ್ಲ.

ಇಂಗ್ಲಿಷಿನಲ್ಲೂ ರೀಲು ಸಿನಿಮಾಕ್ಕೆ ಹುಟ್ಟಿದ ಪದ ಅಲ್ಲ. ನೂಲು ಸುತ್ತುವ ಸಾಧನಕ್ಕೆ ಶತಮಾನಗಳಿಂದ ಇದ್ದ ಹೆಸರು ಅದು. ನಮ್ಮಲ್ಲೂ ದಾರದ ರೀಲು ಇದೆಯಲ್ಲ. ರೇಷ್ಮೆಯವರ ಮಾತು ಇನ್ನೂ ಮಜವಾಗಿದೆ. ರೀಲಿಂಗ್ ಅನ್ನುವುದಕ್ಕೆ ಅಲ್ಲಿ 'ನೂಲು ಬಿಚ್ಚಾಣಿಕೆ' ಅನ್ನುತ್ತಾರೆ. ಇಂಗ್ಲಿಷಿನವರು ಸುತ್ತುವುದನ್ನು ನೋಡಿ ಹೆಸರಿಟ್ಟರು, ನಾವು ಬಿಚ್ಚುವುದನ್ನು ನೋಡಿ ಹೆಸರಿಟ್ಟೆವು. ಪ್ರೊಜೆಕ್ಟರಿನಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಮೇಲಿನ ಗಾಲಿಯಿಂದ ಬಿಚ್ಚಿಕೊಳ್ಳುತ್ತದೆ, ಕೆಳಗಿನದಕ್ಕೆ ಸುತ್ತಿಕೊಳ್ಳುತ್ತದೆ.

ಎರಡನೇ ತೊಡಕು ಸಿನಿಮಾದ ಮೊದಲ ದಿನಗಳದ್ದು. ಎಡಿಸನ್ ಕಂಪನಿಯ ಕಿನೆಟೋಸ್ಕೋಪಿನಲ್ಲಿ ರೀಲೇ ಇರಲಿಲ್ಲ. ಸುಮಾರು 50 ಅಡಿ ಫಿಲ್ಮಿನ ಎರಡೂ ತುದಿ ಅಂಟಿಸಿ, ಪೆಟ್ಟಿಗೆಯೊಳಗೆ ಉರುಳೆಗಳ ಮೇಲೆ ಮಾಲೆಯಂತೆ ಓಡಿಸುತ್ತಿದ್ದರು. ಒಬ್ಬರೇ ಬಗ್ಗಿ ಕಿಂಡಿಯಲ್ಲಿ ನೋಡಬೇಕು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಹಣ ಕೊಟ್ಟು ಬಂದವರಿಗೆ ತೋರಿಸಿದ ಹತ್ತು ಚಿತ್ರಗಳೂ ಹೀಗೇ ಪುಟಾಣಿ. ಒಂದೊಂದೂ ಸುಮಾರು 17 ಮೀಟರ್, 50 ಸೆಕೆಂಡಿನ ಆಸುಪಾಸು. ಇವನ್ನು 'ಒಂದು ರೀಲಿನ ಚಿತ್ರ' ಅಂದರೆ ಅಳತೆ ತಪ್ಪುತ್ತದೆ. 'ಒಂದು ಸುರುಳಿಯ ಚಿತ್ರ' ಅಂದರೆ ಮತ್ತೆ ಅದೇ ಗೊಂದಲ. ಸದ್ಯಕ್ಕೆ 'ತುಣುಕು ಚಿತ್ರ' ಅಂತ ಬರೆದಿದ್ದೇನೆ, ಆದರೆ ತುಣುಕು ಅಂದರೆ ದೊಡ್ಡದರಿಂದ ಕತ್ತರಿಸಿದ್ದು ಅನ್ನಿಸುತ್ತದೆ. ಇವು ತಮ್ಮಷ್ಟಕ್ಕೆ ಇಡಿಯಾಗಿದ್ದವು. ಇದೇ ಮಕ್ಕಳನ್ನು ಕೇಳಿದರೆ ತಟ್ಟನೆ 'ಅದು ರೀಲ್ಸ್' ಅಂದುಬಿಡುತ್ತಾರೆ. ಹೊತ್ತಿನ ಲೆಕ್ಕದಲ್ಲಿ ಅವರು ತಪ್ಪೂ ಅಲ್ಲ!

ಫಿಲ್ಮೇ ಹೋದ ಮೇಲೆ ಪದ ಏನಾಯಿತು ಅಂತ ನೋಡಿದೆ. ಈಗ ಥಿಯೇಟರಿಗೆ ಡಬ್ಬಗಳು ಬರುವುದಿಲ್ಲ, ಡಿಜಿಟಲ್ ಫೈಲು ಬರುತ್ತದೆ. ಸುತ್ತುವುದೂ ಇಲ್ಲ, ಬಿಚ್ಚುವುದೂ ಇಲ್ಲ. ಆದರೂ ಡಿಸಿಪಿ ಎಂಬ ಆ ಫೈಲುಗಳ ಕಟ್ಟಿನೊಳಗೆ ಸಿನಿಮಾವನ್ನು ಭಾಗ ಮಾಡುತ್ತಾರೆ, ಆ ಭಾಗದ ಹೆಸರು ಇವತ್ತಿಗೂ ರೀಲ್. ಗಾಲಿ ಹೋಯಿತು, ಪಟ್ಟಿ ಹೋಯಿತು, 'ಸಿನಿಮಾದ ಇಷ್ಟು ಪಾಲು' ಅನ್ನುವ ಅರ್ಥ ಮಾತ್ರ ಉಳಿಯಿತು. ಹಾಗಾಗಿ ನನ್ನ ಒಲವು ಹೀಗಿದೆ: ಉದ್ದ, ಹೊತ್ತು ಹೇಳುವಾಗ ರೀಲು, ಕೈಗೆ ಸಿಗುವ ಸುತ್ತಿದ ಫಿಲ್ಮಿಗೆ ಸುರುಳಿ. ಒಂದೇ ಬರಹದಲ್ಲಿ ಎರಡೂ ಬಂದರೆ ತಪ್ಪೇನು? ಒಪ್ಪದವರು ದಯವಿಟ್ಟು ಕಾರಣ ಹೇಳಿ.

ಇನ್ನು ಬರಹಕ್ಕೆ ಬೇಕಿಲ್ಲದ, ಸುಮ್ನೆ ತಲೆಯಲ್ಲಿ ಕೂತ ಇನ್ನೊಂದು ಪ್ರಶ್ನೆ. 'ರೀಲು ಬಿಡಬೇಡ' ಅನ್ನುತ್ತೇವಲ್ಲ, ಅದು ಯಾವ ರೀಲು? ಸಿನಿಮಾ ಕಟ್ಟುಕತೆ, ಅದಕ್ಕೇ ಸುಳ್ಳಿಗೆ ರೀಲು ಅಂತ ಕೆಲವರು ವಿವರಿಸುತ್ತಾರೆ. ನನಗೆ ಇದು ಕೇಳಲು ಚೆಂದ, ನಂಬಲು ಕಷ್ಟ. ಕನ್ನಡದಲ್ಲಿ ಬುರುಡೆ ಬಿಡುತ್ತಾರೆ, ಬೊಗಳೆ ಬಿಡುತ್ತಾರೆ, ಓಳು ಬಿಡುತ್ತಾರೆ. ಸುಳ್ಳಿನ ಜೊತೆ 'ಬಿಡು' ಮೊದಲೇ ಸಿದ್ಧವಾಗಿ ಕೂತಿದೆ. ಆ ಜಾಗಕ್ಕೆ ಹೊಸ ಕಾಲದ ಯಾವ ಪದ ಬಂದರೂ ಹೊಂದಿಕೊಳ್ಳುತ್ತದೆ. ಗಾಳಿಪಟದ ದಾರವನ್ನು ಬಿಡುತ್ತಾ ಹೋದ ಹಾಗೆ ಮಾತು ಬಿಡುವುದು ಅಂತಲೂ ಇರಬಹುದು. ಇದರ ಜೊತೆಗೆ 'ರೈಲು ಬಿಡ್ತಾನೆ' ಅನ್ನುವವರೂ ಇದ್ದಾರೆ. ರೈಲು ಸವೆದು ರೀಲಾಯಿತೋ, ರೀಲನ್ನು ತಮಾಷೆಗೆ ರೈಲು ಮಾಡಿದರೋ?

ನಿಮ್ಮ ಮನೆಯ ಹಿರಿಯರು ಇವೆರಡರಲ್ಲಿ ಯಾವುದನ್ನು ಬಿಡುತ್ತಿದ್ದರು? ಹಳೆಯ ಕತೆ, ನಾಟಕ, ಪತ್ರಿಕೆಗಳಲ್ಲಿ ಅಚ್ಚಾಗಿದ್ದನ್ನು ಕಂಡಿದ್ದರೆ ಇಸವಿ ಸಮೇತ ತಿಳಿಸಿ. ಲೂಮಿಯೇರ್ ಚಿತ್ರಗಳಿಗೆ 'ತುಣುಕು' ಬಿಟ್ಟು ಬೇರೆ ಪದ ಹೊಳೆದರೆ ಅದನ್ನು ಮೊದಲು ಕಳಿಸಿ, ಕರಡು ಕಾಯುತ್ತಿದೆ.