ಪುಟ ಸಂಖ್ಯೆಯೇ ಇಲ್ಲದ ಪುಸ್ತಕವನ್ನು ಕೋರ್ಟಿಗೆ ತೋರಿಸುವುದು ಹೇಗೆ?

ಕುಂಬಳೆ ಜೂನಿಯರ್:
ಕಾಸರಗೋಡಿನಲ್ಲಿ ವಕೀಲಿ ಶುರು ಮಾಡಿ ಎರಡನೇ ವರ್ಷ. ಅಳಿಯಸಂತಾನ (ಹೆಣ್ಣಿನ ಕಡೆಯಿಂದ ವಂಶ, ಆಸ್ತಿ ಸಾಗುವ ಪದ್ಧತಿ) ಕುಟುಂಬದ ಪಾಲಿನ ದಾವೆಯೊಂದಕ್ಕೆ ಲಿಖಿತ ವಾದ ಬರೆಯುತ್ತಿದ್ದೇನೆ. ಸೀನಿಯರ್ ಆಫೀಸಿನ ಕಾನೂನು ಪುಸ್ತಕ ಮುಲ್ಲಾ ‘ಹಿಂದೂ ಲಾ’ವನ್ನು ಈ ಮಳೆಗಾಲದಲ್ಲಿ ಗೆದ್ದಲು ಅರ್ಧ ಮುಗಿಸಿದೆ, ಹಾಗಾಗಿ ಎಲ್ಲ ಆನ್‌ಲೈನ್‌ನಲ್ಲೇ ನೋಡುವುದು. ಅಲ್ಲಿ ಪುಟ ಸಂಖ್ಯೆಯೇ ಇಲ್ಲ. ಲಿಂಕನ್ನೇ ಹಾಕಿದೆ. ಟೈಪ್ ಮಾಡುವ ಅಕ್ಕ ಆ ಎರಡೂವರೆ ಸಾಲಿನ ಲಿಂಕ್ ನೋಡಿ, “ಜಡ್ಜ್ ಇದನ್ನು ಕಾಗದದ ಮೇಲೆ ಒತ್ತಿದರೆ ತೆರೆಯುತ್ತದಾ?” ಅಂತ ಕೇಳಿದರು. ನಗು ಬಂತು, ಉತ್ತರ ಬರಲಿಲ್ಲ. ನೀವೆಲ್ಲ ಹೇಗೆ ಬರೆಯುತ್ತೀರಿ?

ನಿವೃತ್ತ ಬೆಂಚ್ ಕ್ಲರ್ಕ್, ಮಂಜೇಶ್ವರ:
ವಕಾಲತ್ತು ಆ ಅಕ್ಕನಿಗೇ ಕೊಡಿ ಮಾರಾಯ್ರೆ! ಮುಲ್ಲಾಕ್ಕೆ ಪುಟ ಯಾಕೆ? ಒಂದೊಂದು ವಿಷಯಕ್ಕೂ ಸೆಕ್ಷನ್ ನಂಬ್ರ ಉಂಟು. ಅದನ್ನು ಬರೆಯಿರಿ, ಎಷ್ಟನೇ ಆವೃತ್ತಿ ಅಂತ ಸೇರಿಸಿ. ತೀರ್ಪಿಗಾದರೆ ಪ್ಯಾರಾ ನಂಬ್ರ.

ಲೈಬ್ರರಿಯವ, ಮಂಗಳೂರು:
ಪುಟದ ಚಿಂತೆ ಆಮೇಲೆ. ನೀವು ನೋಡುತ್ತಿರುವ ಮದ್ರಾಸ್ ಅಳಿಯಸಂತಾನ ಕಾಯ್ದೆ, 1949 ಯಾವ ರಾಜ್ಯದ ಪಠ್ಯ? 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಆಮೇಲೆ ಮೈಸೂರು ರಾಜ್ಯ ಮಾಡಿದ ತಿದ್ದುಪಡಿ ತಲಪಾಡಿಯಿಂದ ಈಚೆಗೆ ನಮಗೆ ಮಾತ್ರ. ನಿಮ್ಮಲ್ಲಿ 1975ರ ಕಾಯ್ದೆಯೊಂದು ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆದುಹಾಕಿತು, ಜಾರಿಗೆ ಬಂದದ್ದು 1976ರ ಡಿಸೆಂಬರ್ 1ಕ್ಕೆ. ಆದ್ದರಿಂದ ಕಾಯ್ದೆಯ ಹೆಸರಿನ ಜೊತೆ ಯಾವ ರಾಜ್ಯಕ್ಕೆ, ಯಾವ ತಾರೀಕಿಗೆ ಇದ್ದ ಪಠ್ಯ ಎಂದು ಬರೆಯದಿದ್ದರೆ ಎದುರು ವಕೀಲರಿಗೆ ಹಬ್ಬ.

ನಿಸ್ಸಂತತಿ ಕವರಿನ (ವಂಶ ಮುಂದುವರಿಸುವ ಹೆಣ್ಣಿಲ್ಲದ ಕುಟುಂಬದ ಕವಲು) ಪ್ರಶ್ನೆ ಇದ್ದರೆ ಸುಪ್ರೀಂ ಕೋರ್ಟಿನ ತೀರ್ಪು, ವರದಿ ಸಂಪುಟ ಎಐಆರ್ 1980 ಎಸ್‌ಸಿ 198 ನೋಡಿ. ಅದೇ ತೀರ್ಪು ಸುಪ್ರೀಂ ಕೋರ್ಟಿನದೇ ವರದಿ ಸಂಪುಟ ಎಸ್‌ಸಿಆರ್‌ನಲ್ಲೂ ಉಂಟು, 2023ರಲ್ಲಿ ಶುರುವಾದ ಅದರ ಆನ್‌ಲೈನ್ ರೂಪ ಇ-ಎಸ್‌ಸಿಆರ್‌ನಲ್ಲಿ ಪುಕ್ಕಟೆ. ಎಸ್‌ಸಿಆರ್ ಪುಟದ ಅಂಚಿನಲ್ಲಿ ಎಯಿಂದ ಎಚ್‌ವರೆಗೆ ಅಕ್ಷರ ಇರುತ್ತದೆ. ಪುಟ, ಪಕ್ಕದಲ್ಲಿ ಅಕ್ಷರ ಕೊಟ್ಟರೆ ಜಡ್ಜ್ ಹುಡುಕಬೇಕಾಗಿಲ್ಲ.

ಉಪ್ಪಳದ ಕ್ರಿಮಿನಲ್ ವಕೀಲ:
ನೋಡಿದ ತಾರೀಕನ್ನೂ ಹಾಕಿ, ಪ್ರಿಂಟ್ ತೆಗೆದು ಫೈಲಿನಲ್ಲಿಡಿ. ಆನ್‌ಲೈನ್ ಪುಸ್ತಕ ಯಾವಾಗ ಬದಲಾಗುತ್ತದೆ ಅಂತ ಹೇಳಲಿಕ್ಕಾಗದು. ನಂಬ್ರದ ಜೊತೆ ಕಾಯ್ದೆಯ ಹೆಸರೂ ಬೇಕು: ಹಳೆಯ ಕ್ರಿಮಿನಲ್ ಪ್ರಕ್ರಿಯೆಯ ಕಾಯ್ದೆ ಸಿಆರ್‌ಪಿಸಿಯಲ್ಲಿ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ. 2024ರ ಜುಲೈ 1ಕ್ಕೆ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅದೇ ನಂಬ್ರ ನಿರೀಕ್ಷಣಾ ಜಾಮೀನು! ಬರೀ ‘482’ ಅಂತ ಬರೆದು ನಾನೇ ಒಮ್ಮೆ ಬೈಸಿಕೊಂಡಿದ್ದೇನೆ.

ಕುಂಬಳೆ ಜೂನಿಯರ್:
ಲೈಬ್ರರಿಯವರೇ, ಉಪಕಾರವಾಯಿತು. ನಾನು ಇಳಿಸಿಕೊಂಡ ಪ್ರತಿಯ ಅಡಿಟಿಪ್ಪಣಿಯಲ್ಲಿ ಮೈಸೂರು ತಿದ್ದುಪಡಿ ಅಂತ ಸಣ್ಣಕ್ಷರದಲ್ಲಿ ಉಂಟು, ಕಣ್ಣಿಗೇ ಬಿದ್ದಿರಲಿಲ್ಲ. ಎರಡು ಪ್ಯಾರಾ ಪೂರ್ತಿ ಹೊಡೆದುಹಾಕಿದೆ. ಸೋಮವಾರ ಸಲ್ಲಿಸಬೇಕು. ಮತ್ತೊಮ್ಮೆ ಟೈಪ್ ಮಾಡಿ ಅಂತ ಅಕ್ಕನಿಗೆ ಹೇಳಲಿಕ್ಕೆ ಇನ್ನೂ ಧೈರ್ಯ ಬಂದಿಲ್ಲ.