ಬಿಪಿ ಜಾಸ್ತಿ ಇದೆ, ಟೆನ್ಶನ್ ಕಡಿಮೆ ಮಾಡಿ ಅಂದಿದ್ದಾರೆ. ಹೇಗೆ ಮಾಡಿದಿರಿ?

ಕೇಳಿದವರು, ಹೊಸನಗರ ತಾಲ್ಲೂಕು

ವಯಸ್ಸು 46. ಸ್ವಲ್ಪ ಅಡಿಕೆ ತೋಟ, ಗದ್ದೆ ಇದೆ. ಎಲೆಚುಕ್ಕಿ ರೋಗ ಬಂದಮೇಲೆ ಫಸಲು ತುಂಬಾ ಬಿದ್ದುಹೋಗಿದೆ. ಸೊಸೈಟಿ ಸಾಲ ಬೇರೆ. ತಲೆನೋವು ಅಂತ ಹೋದಾಗ ಬಿಪಿ 156/98 ಇತ್ತು. ಮರುವಾರ ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಡಾಕ್ಟರು ಮಾತ್ರೆ ಬರೆದು, "ಟೆನ್ಶನ್ ಕಡಿಮೆ ಮಾಡಿಕೊಳ್ಳಿ" ಅಂದರು. ಮಳೆ, ರೇಟು, ಸಾಲ ಯಾವುದೂ ನನ್ನ ಕೈಯಲ್ಲಿಲ್ಲ ಅಲ್ವಾ? ಇದೇ ಬದುಕಿನಲ್ಲಿ ಇದ್ದುಕೊಂಡು ಏನಾದರೂ ಮಾಡಿ ಪ್ರಯೋಜನ ಕಂಡವರಿದ್ದರೆ ದಯವಿಟ್ಟು ಹೇಳಿ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು

ನಿಮ್ಮ ಕಷ್ಟ ಪೂರ್ತಿ ಅರ್ಥವಾಗುತ್ತದೆ. ನಮ್ಮಲ್ಲಿ ಮಳೆಗಾಲದ ನಿದ್ದೆ ಕೆಡಿಸುವುದು ಕೊಳೆ ರೋಗ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಒಂದು ಸಲ ಹೊಡೆದು, 40–45 ದಿನಕ್ಕೆ ಮತ್ತೆ ಹೊಡೆಯಬೇಕು. ಸರಿಯಾಗಿ ಆ ಹೊತ್ತಿಗೇ ಮಳೆ ಹೊಳವಾಗುವುದಿಲ್ಲ. ಹೊಳವಾದ ದಿನ ಮರ ಹತ್ತುವವರು ಸಿಗುವುದಿಲ್ಲ. ರಾತ್ರಿ ಮಾಡಿನ ಮೇಲೆ ಮಳೆಯ ಸದ್ದು ಜೋರಾದರೆ ಎದೆ ಹೊಡೆದುಕೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಸಾಲವನ್ನು ಬರೆದಿಟ್ಟಿದ್ದು. ಎಲ್ಲಿ ಎಷ್ಟು ಬಾಕಿ, ಬಡ್ಡಿ ಎಷ್ಟು, ಯಾವ ತಿಂಗಳು ಕಂತು ಎಂದು ಮನೆಯವಳ ಜೊತೆ ಕೂತು ಒಂದು ಪುಸ್ತಕದಲ್ಲಿ ಬರೆದೆವು. ಸಾಲ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಆದರೆ ರಾತ್ರಿಯೆಲ್ಲ ತಲೆಯಲ್ಲಿ ಅದೇ ಲೆಕ್ಕ ಸುತ್ತುವುದು ನಿಂತಿತು. ವಿಷಯ ಇಬ್ಬರಿಗೂ ಗೊತ್ತಿರುವುದೇ ದೊಡ್ಡ ಬಲ. ಕಂತಿನ ತಾರೀಖು ದಾಟುವ ಮೊದಲೇ ಸೊಸೈಟಿಗೆ ಹೋಗಿ ಮಾತಾಡಿದೆ. ಕರೆ ಬರುವವರೆಗೆ ಕಾದು ಕೂರುವುದು ಬಹಳ ಹಿಂಸೆ. ನಾವೇ ಹೋದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಇನ್ನು ರೇಟು. ಶಿವಮೊಗ್ಗದಲ್ಲಿ ರಾಶಿ ಅಡಿಕೆ ಎಷ್ಟಾಯಿತು, ಬೆಟ್ಟೆ ಅಡಿಕೆ ಎಷ್ಟಾಯಿತು ಎಂದು ವಾಟ್ಸಾಪ್‌ನಲ್ಲಿ ದಿನವಿಡೀ ಬರುತ್ತಲೇ ಇರುತ್ತದೆ. ಮಾರಲು ಅಡಿಕೆಯೇ ಇಲ್ಲದ ತಿಂಗಳಲ್ಲಿ ಅದನ್ನು ನೋಡಿ ಏನು ಮಾಡುವುದು? ಈಗ ಸಂಜೆ ಒಂದು ಸಲ ನೋಡುತ್ತೇನೆ, ಅಷ್ಟೇ. ಊಟವಾದ ಮೇಲೆ ಫೋನು ಜಗುಲಿಯಲ್ಲೇ ಇರುತ್ತದೆ.

ಕವಳದ ಬಗ್ಗೆಯೂ ಹೇಳಲೇಬೇಕು. ಚಿಂತೆ ಹೆಚ್ಚಾದಾಗ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ತಾನಾಗಿಯೇ ಬಾಯಿಗೆ ಹೋಗುತ್ತದೆ. ಮನಸ್ಸು ಹಗುರಾಯಿತು ಅನಿಸುತ್ತದೆ. ಒಳಗೆ ನಿಕೋಟಿನ್ ಎದೆಬಡಿತವನ್ನೂ ಬಿಪಿಯನ್ನೂ ಏರಿಸುತ್ತಿರುತ್ತದೆ. ಬಿಟ್ಟ ಹೊಸತರಲ್ಲಿ ಸಿಟ್ಟು ಜಾಸ್ತಿ ಬರುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ.

ನಿವೃತ್ತ ನರ್ಸ್, ಶಿವಮೊಗ್ಗ

ತಮ್ಮಾ, ಮೊದಲು ಮನೆಯಲ್ಲಿ ಬಿಪಿ ಸರಿಯಾಗಿ ನೋಡಿಕೊಳ್ಳುವುದನ್ನು ಕಲಿ. ತೋಳಿಗೆ ಕಟ್ಟುವ ಮೆಷಿನ್ ತಗೋ, ಪಟ್ಟಿ ನಿನ್ನ ತೋಳಿನ ಅಳತೆಗೆ ಸರಿಯಿರಬೇಕು. ಕಾಫಿ, ಕವಳ, ತೋಟದ ಕೆಲಸ ಆಗಿ ಅರ್ಧ ಗಂಟೆಯಾದರೂ ಕಳೆದಿರಲಿ. ಮೂತ್ರಕ್ಕೆ ಹೋಗಿ ಬಾ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, 5 ನಿಮಿಷ ಸುಮ್ನೆ ಕೂತುಕೋ. ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡು. ಬೆಳಿಗ್ಗೆ, ಸಂಜೆ ಹೀಗೆ ಒಂದು ವಾರ ಬರೆದು ಡಾಕ್ಟರಿಗೆ ತೋರಿಸು. ಮನೆಯಲ್ಲಿ ಸರಾಸರಿ 135/85 ದಾಟಿದರೆ ಅದು ಜಾಸ್ತಿಯೇ. ಅದಕ್ಕಿಂತ ಹೆಚ್ಚು ಸಲ ನೋಡಬೇಡ. ಗಂಟೆಗೊಮ್ಮೆ ಪಟ್ಟಿ ಕಟ್ಟಿಕೊಂಡು ಗಾಬರಿಯಿಂದಲೇ ಬಿಪಿ ಏರಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಭಯ, ಸಿಟ್ಟು ಬಂದಾಗ ಅಡ್ರಿನಲಿನ್ ಹೆಚ್ಚಿ, ಎದೆಬಡಿತ ಜೋರಾಗಿ, ರಕ್ತನಾಳ ಬಿಗಿಯಾಗುತ್ತದೆ. ಬಿಪಿ ಏರುತ್ತದೆ, ಆಮೇಲೆ ಇಳಿಯುತ್ತದೆ. ಅದು ಎಲ್ಲರಿಗೂ ಆಗುವುದೇ. ತೊಂದರೆ ಬರುವುದು ಚಿಂತೆಯ ಹಿಂದೆ ಬರುವ ಅಭ್ಯಾಸಗಳಿಂದ. ನಿದ್ದೆಗೆಡುವುದು, ಹೊಗೆಸೊಪ್ಪು, ಸಂಜೆಯ ಕುಡಿತ, ಮಾತ್ರೆ ಮರೆಯುವುದು. ಮೇಲೆ ಬರೆದ ತಮ್ಮ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ.

ಎಲ್ಲವನ್ನೂ ಟೆನ್ಶನ್ ಮೇಲೆ ಹಾಕಬೇಡ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ಬಿಪಿ ಏರಿಸುತ್ತವೆ. ಮಳೆಗಾಲದ ಕೆಮ್ಮಿಗೆ ದಿನಾ ಜ್ಯೇಷ್ಠಮಧು ಹಾಕಿದ ಕಷಾಯ ಕುಡಿಯುತ್ತೀಯಾ? ಅದೂ ಏರಿಸುತ್ತದೆ. ಜೋರು ಗೊರಕೆ ಇದ್ದು, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಮನೆಯವರು ಹೇಳಿದರೆ ಡಾಕ್ಟರಿಗೆ ಹೇಳು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಅಪ್ಪೆಮಿಡಿ, ಹಪ್ಪಳ, ಬಾಳಕ ಎಲ್ಲಾ ಸೇರಿ ಅಷ್ಟು.

ಸಾಗರದ ಶಾಲಾ ಶಿಕ್ಷಕಿ

ನನಗೆ ಬಿಪಿ ಶುರುವಾದದ್ದು ಅತ್ತೆ ಹಾಸಿಗೆ ಹಿಡಿದ ಕಾಲದಲ್ಲಿ. ಶಾಲೆ, ಮನೆ, ರಾತ್ರಿ ಎರಡು ಮೂರು ಸಲ ಏಳುವುದು. ಮಕ್ಕಳು ಬೆಂಗಳೂರಿನಲ್ಲಿ. "ಮನಸ್ಸು ಗಟ್ಟಿ ಮಾಡಿಕೋ" ಎಂದು ಹೇಳುವವರಿಗೆ ಲೆಕ್ಕವಿಲ್ಲ. ನನಗೆ ಬೇಕಾಗಿದ್ದು ಒಂದು ರಾತ್ರಿಯ ಪೂರ್ತಿ ನಿದ್ದೆ. ನಾದಿನಿಯನ್ನು ಕರೆದು ಬಾಯಿಬಿಟ್ಟು ಹೇಳಿದೆ, ವಾರಕ್ಕೆ ಎರಡು ರಾತ್ರಿ ನೀನು ನೋಡಿಕೊಳ್ಳಬೇಕು ಎಂದು. ಒಪ್ಪಿದಳು. ಅಣ್ಣಾ, ನೀವೂ ಯಾವ ಕೆಲಸವನ್ನು ಯಾರಿಗೆ ಕೊಡಬಹುದು ಎಂದು ಹೆಸರು ಹಿಡಿದು ಯೋಚಿಸಿ. "ಯಾರಾದರೂ ಸಹಾಯ ಮಾಡಿ" ಅಂದರೆ ಯಾರೂ ಬರುವುದಿಲ್ಲ.

ದಿನಾ ಸಂಜೆ ಉಸಿರಾಟ ಮಾಡುತ್ತೇನೆ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ನಿಧಾನಕ್ಕೆ ಹೊರಗೆ. ನಿಮಿಷಕ್ಕೆ ಆರು ಉಸಿರು ಬರುತ್ತದೆ. ಹತ್ತು ನಿಮಿಷ ಸಾಕು. ಉಸಿರು ಹಿಡಿಯುವುದು ಬೇಡ. ಬಿಪಿ ಹತೋಟಿಗೆ ಬರುವವರೆಗೆ ಕಪಾಲಭಾತಿ, ಭಸ್ತ್ರಿಕಾ, ಶೀರ್ಷಾಸನ ಬೇಡ ಎಂದು ನನಗೆ ಹೇಳಿಕೊಟ್ಟವರು ಕಟ್ಟುನಿಟ್ಟಾಗಿ ಹೇಳಿದ್ದರು. ನಡಿಗೆ ವಾರದಲ್ಲಿ ಐದು ದಿನ, ಅರ್ಧ ಗಂಟೆ. ಜುಲೈ ಮಳೆಯಲ್ಲಿ ಹೊರಗೆ ಹೋಗಲಾಗದಿದ್ದರೆ ಜಗುಲಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆಯುತ್ತೇನೆ. ವಾರಕ್ಕೊಮ್ಮೆ ಭಜನೆಗೆ ಹೋಗುತ್ತೇನೆ. ನಿಮಗೆ ತಾಳಮದ್ದಲೆ ಇಷ್ಟವಿದ್ದರೆ ಅದಕ್ಕೆ ಹೋಗಿ. ನಾಲ್ಕು ಜನರ ನಡುವೆ ಕೂತು, ರೇಟು ಬಿಟ್ಟು ಬೇರೆ ಮಾತು ಕೇಳಿಬರಬೇಕು.

ಕೇಳಿದವರು

ತುಂಬಾ ಉಪಕಾರವಾಯಿತು. ಸಾಲದ ಪುಸ್ತಕ ಇವತ್ತೇ ಶುರು ಮಾಡುತ್ತೇನೆ. ಒಂದು ಪ್ರಶ್ನೆ. ಇದೆಲ್ಲ ಮಾಡಿ ಬಿಪಿ 125ಕ್ಕೆ ಬಂದರೆ ಮಾತ್ರೆ ಬಿಡಬಹುದಾ?

ನಿವೃತ್ತ ನರ್ಸ್, ಶಿವಮೊಗ್ಗ

ನೀನಾಗಿ ಬಿಡಬೇಡ ತಮ್ಮಾ. 125 ಬಂದಿರುವುದು ಮಾತ್ರೆ ತಗೊಂಡ ಕಾರಣಕ್ಕೂ ಹೌದು. ಉಸಿರಾಟ, ನಡಿಗೆಯಿಂದ ಸಾಮಾನ್ಯವಾಗಿ ಇಳಿಯುವುದು ಕೆಲವೇ ಅಂಕಿ. ಅದೂ ಬೆಲೆಯುಳ್ಳದ್ದೇ, ಆದರೆ 156ರಿಂದ ಕೆಳಗೆ ತರಲು ಅದೊಂದೇ ಸಾಲುವುದು ಕಷ್ಟ. ಕೆಲವು ತಿಂಗಳು ಚೆನ್ನಾಗಿದ್ದರೆ ಡೋಸ್ ಕಡಿಮೆ ಮಾಡುವುದನ್ನು ಡಾಕ್ಟರು ಯೋಚಿಸಬಹುದು. ಕಾಲು ಊದಿದರೆ, ತಲೆ ಸುತ್ತಿದರೆ ಹೋಗಿ ಹೇಳು, ಮಾತ್ರೆ ಬದಲಿಸಿ ಕೊಡುತ್ತಾರೆ.

180/120 ದಾಟಿ ಜೊತೆಗೆ ಎದೆನೋವು, ಏದುಸಿರು, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಚಿಂತೆ ತಡೆಯಲಾಗದೆ ಬದುಕೇ ಬೇಡ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಯಾವ ಹೊತ್ತಿನಲ್ಲೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮಳೆಗಾಲದಲ್ಲಿ ನಿಮ್ಮ ಕಡೆ ಮರ ಬಿದ್ದು ರಸ್ತೆ ಕಟ್ಟುತ್ತದೆ. ಜೂನ್ ಬರುವ ಮೊದಲೇ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ತಂದಿಟ್ಟುಕೋ.